ಯಂಕಪ್ಪನ ಖಾಕಿ ಅಂಗಿ

ಪೊಲೀಸ್ ಆ್ಯಕ್ಷನ್‌ಗೆ ಮುಂಚಿನ ಬೇಸಿಗೆಯಲ್ಲಿ ನನ್ನ ತಮ್ಮ ಯಂಕಪ್ಪನಿಗೆ ಕಲಬುರಗಿಯ ದನದ ದವಾಖಾನೆಯಲ್ಲಿ ನೌಕರಿ ಸಿಕ್ಕಿತು. ಚಿಕ್ಕಂದಿನಿಂದಲೂ ಅವನು ಬೇರೇನನ್ನೂ ಬಯಸಿದವನಲ್ಲ. ಕರು ಕುಂಟಿದರೆ ಉಣ್ಣುತ್ತಿರಲಿಲ್ಲ. ಅವ್ವ ಶಂಕ್ರಮ್ಮ, "ಮನಶ್ಯಾರಿಗಿಂತ ದನಾನೇ ಚಲೋ ನಿನಗ, ಅವನ್ನೇ ಮದುವಿ ಆಗು" ಎಂದು ರೇಗಿಸುತ್ತಿದ್ದಳು.

ಆ ವರ್ಷ ದನಗಳಿಗೆ ದೊಡ್ಡ ಬ್ಯಾನಿ ಹಬ್ಬಿತ್ತು. ಬಾಯಿ ಹುಣ್ಣಾಗಿ, ಭೇದಿ ಹತ್ತಿ ಸಾಯುತ್ತಿದ್ದವು. ಡಾಕ್ಟರ್ ಲಾಲ್ ಅಹ್ಮದ್ ಸಾಹೇಬರು ಯಂಕಪ್ಪನನ್ನು ಕರೆದು, "ನಿಮ್ಮ ಕಮಲಾಪುರಕ್ಕ ನೀನೇ ಮೊದಲ ಹೋಗು. ಯಾರೂ ದನ ಹೊರಗ ಬಿಡಬ್ಯಾಡ್ರಿ ಅನ್ನು. ನಾಳೆ ಸೂಜಿ ಔಷಧ ಬರಫದಾಗ ತರ್ತೀನಿ. ಬರಫ ಕರಗಿದ್ರ ಔಷಧ ಖರಾಬ್" ಎಂದರು.

ದವಾಖಾನೆಯವರು ಕೊಟ್ಟ ಹೊಸ ಖಾಕಿ ಅಂಗಿ ತೊಟ್ಟು ಅವನು ಊರಿಗೆ ಬಂದ.

ನಮಗೆ ಆಗ ಖಾಕಿ ಎಂದರೆ ನಿಜಾಮನ ಕಡೆಯ ರಜಾಕಾರರು. ಕಾಳು, ದನ, ಸಿಕ್ಕಿದ್ದನ್ನು ಹೊಡೆದುಕೊಂಡು ಹೋಗುತ್ತಿದ್ದರು. ಅದಕ್ಕೇ ದಾರಿಯಲ್ಲಿ ಖಾಕಿ ಕಂಡವರು ಕೂಗುವುದು, ಉಳಿದವರು ದನ ಬಿಚ್ಚಿ ಹಳ್ಳದ ಕೊರಕಲಿಗೆ ಅಟ್ಟುವುದು ರೂಢಿಯಾಗಿತ್ತು.

"ಖಾಕಿ ಬಂತೂ!"

ನಾನೂ ನಮ್ಮ ಕೆಂದಾಕಳ ಹಗ್ಗ ಹಿಡಿದು ಓಡಿದೆ. ಹಿಂದೆ ಒಬ್ಬ "ನಿಲ್ರೀ, ನಿಲ್ರೀ" ಎನ್ನುತ್ತ ಬೆನ್ನು ಹತ್ತಿದ್ದ. ಅವನು ಓಡಿದಷ್ಟೂ ನಾವು ಓಡಿದೆವು. ಕೊನೆಗೆ ಅವನು ಅಂಗಿ ಕಿತ್ತೊಗೆದು ಬರಿಮೈಯಲ್ಲಿ ನಿಂತಾಗಲೇ ಅವ್ವ ಗುರುತು ಹಿಡಿದದ್ದು.

"ಇದನ್ಯಾಕ ಹಾಕ್ಕೊಂಡು ಬಂದ್ಯೋ, ಭಾಡ್ಯಾ?"

"ನಿನಗ ತೋರಸ್ಬೇಕಂತ, ಅವ್ವಾ."

ಅಷ್ಟರಲ್ಲಿ ಊರ ದನಗಳೆಲ್ಲ ಕೊರಕಲಿನಲ್ಲಿ ಮೈಗೆ ಮೈ ತಾಗಿಸಿ ಒಂದೇ ಮಡುವಿನ ನೀರು ಕುಡಿಯುತ್ತಿದ್ದವು. ನಡುವೆ ಎತ್ತೊಂದು ಜೊಲ್ಲು ಸುರಿಸುತ್ತಿತ್ತು. ಯಂಕಪ್ಪ ಕೈಮುಗಿದ: "ಬ್ಯಾರೆ ಬ್ಯಾರೆ ಮಾಡ್ರೀ, ಮನಿಗೆ ಹೊಡಕೊಂಡು ಹೋಗ್ರೀ."

"ನೀ ಮುಂದ ಬಂದಿ, ನಿನ್ನ ಹಿಂದ ಯಾರ್ಯಾರು ಬರಾಕತ್ತಾರೋ!" ಎಂದ ನೆರೆಮನೆಯ ರಾಮಣ್ಣ. "ಅಂಗಿ ಕೊಟ್ಟೋರ ಮಾತು ಆಡಾಕತ್ತಿ ನೀ."

ಮರುದಿನ ಡಾಕ್ಟರ್ ಬಂದಾಗ ಗಂಡಸರು ಕೊರಕಲಿಗೆ ಅಡ್ಡವಾಗಿ ಬಡಿಗೆ ಹಿಡಿದು ನಿಂತಿದ್ದರು. ಕೆಂದಾಕಳನ್ನಾದರೂ ತರುತ್ತೇನೆಂದು ಹೋದ ಅವ್ವನನ್ನೂ ಬಿಡಲಿಲ್ಲ. ಮಧ್ಯಾಹ್ನ ಬರಫ ನೀರಾಯಿತು. ಸಾಹೇಬರು ಔಷಧವನ್ನು ನೆಲಕ್ಕೆ ಸುರಿದು ಹೋದರು.

ತಿಂಗಳು ತುಂಬುವುದರೊಳಗೆ ಗೋದಲಿಗಳು ಬರಿದಾದವು. ನಮ್ಮದೂ. ರಾಮಣ್ಣನ ಎತ್ತುಗಳನ್ನು ಹೂಳಲು ಯಂಕಪ್ಪನೇ ಅವನೊಂದಿಗೆ ಗುಂಡಿ ತೋಡಿದ. ಸಂಜೆ ಕಟ್ಟೆಯ ಮೇಲೆ ಕುಳಿತು, "ನೌಕರಿ ಬಿಡ್ತೀನಿ" ಎಂದ.

ಅವ್ವ ರೊಟ್ಟಿಗಂಟು ತಂದು ಅವನ ತೊಡೆಯ ಮೇಲಿಟ್ಟಳು.

"ಇಲ್ಲಿ ಇನ್ನ ಯಾವ ದನ ಅದ ಅಂತ ಕುಂತಿ? ಮುಂದಿನ ಊರಿಗಾದ್ರೂ ಲಗೂ ಹೋಗು. ಆ ಅಂಗಿ ಬಿಟ್ಟು ಧೋತರ ಉಟ್ಕೊಂಡು ಹೋಗು."

ಅವನು ಎದ್ದು ಹೊರಟ. ಅವ್ವ ಕಳಿಸಲು ಊರ ಅಗಸಿಯ ಬಾಗಿಲ ತನಕ ಬರಲಿಲ್ಲ. ಅಲ್ಲಿಯವರೆಗೆ ಅವನ ಜೊತೆ ನಾನೊಬ್ಬಳೇ ಹೋದೆ.