ಇಸ್ತ್ರಿ ಅಂಗಡಿಯ ಹಾವಿಗೆ ಹುಳ ಹತ್ತಿದಾಗ

ಸಾಕಿದ ಹಾವು ಮೂರು ದಿನದಿಂದ ನೀರಿನ ಬಟ್ಟಲು ಬಿಟ್ಟು ಏಳುತ್ತಿಲ್ಲ ಎಂದರೆ ನೀವು ಏನೆಂದುಕೊಳ್ಳುತ್ತೀರಿ? ನಾವು ಸೆಕೆ ಎಂದುಕೊಂಡೆವು. ನಮ್ಮ ದೊಡ್ಡಪ್ಪನದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ, ನಾನು ಬೆಳೆದದ್ದೂ ಅಲ್ಲೇ. ಒಳಗೆ ಯಾವಾಗಲೂ ಬಿಸಿ ಹಬೆ. ಮನುಷ್ಯರೇ ಬೆಂದು ಹೋಗುವಾಗ ಹಾವೊಂದು ತಣ್ಣೀರಿನಲ್ಲಿ ಮಲಗಿದರೆ ತಪ್ಪೇನು ಎಂದು ಸುಮ್ಮನಾದೆವು.

ಇದು ಬಹಳ ವರ್ಷಗಳ ಹಿಂದಿನ ಮಾತು. ಆ ಅಂಗಡಿ ಈಗ ಹಾಗಿಲ್ಲ. ಗಂಜಿ ಕಾಯಿಸುವ ದೊಡ್ಡ ಪಾತ್ರೆ, ಕಿಟಕಿಯ ಮೇಲೆ ಬಿಳಿ ಬಟ್ಟೆಗೆ ಹಾಕುವ ನೀಲಿಯ ಡಬ್ಬಿ, ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಇಟ್ಟಾಗ ಏಳುತ್ತಿದ್ದ ‘ಚುಂಯ್’ ಸದ್ದು, ಯಾವುದೂ ಉಳಿದಿಲ್ಲ. ಆದರೂ ಕಣ್ಣು ಮುಚ್ಚಿದರೆ ಆ ಬಿಸಿ ಗಂಜಿಯ ವಾಸನೆ ಮೂಗಿಗೆ ಬರುತ್ತದೆ.

ಹಣದ ಗಲ್ಲೆಯ ಹಿಂದೆ ಗಾಜಿನ ಪೆಟ್ಟಿಗೆಯಲ್ಲಿ ಲಾಡಿ ಇತ್ತು. ದೊಡ್ಡಮ್ಮ ಇಟ್ಟ ಹೆಸರು. ಸಾಕುವವರ ಮನೆಯಲ್ಲೇ ಮೊಟ್ಟೆಯೊಡೆದು ಬಂದ, ವಿಷವಿಲ್ಲದ, ಕಿತ್ತಳೆ ಬಣ್ಣದ ಹಾವು. ತಂದ ದಿನ ಪೈಜಾಮದ ಲಾಡಿಯಷ್ಟೇ ಉದ್ದ, ಅಷ್ಟೇ ದಪ್ಪ. ದೊಡ್ಡಮ್ಮ ಅಂಗಿಗಳಿಗೆ ಗುಂಡಿ ಹೊಲಿಯುವಾಗ ಅದು ಅವಳ ಮುಂಗೈ ಸುತ್ತಿಕೊಂಡು ಮಲಗುತ್ತಿತ್ತು. “ಸೂಜಿ ಚುಚ್ಚೀತು, ಆಚೆ ಸರಿಯೇ” ಎಂದು ಮಗುವಿಗೆ ಗದರಿದ ಹಾಗೆ ಗದರುತ್ತಿದ್ದಳು. ಬಟ್ಟೆ ತರುವವರಲ್ಲಿ ಅರ್ಧ ಜನ ಹೆದರಿ ಬಾಗಿಲಲ್ಲೇ ನಿಲ್ಲುತ್ತಿದ್ದರು. ಉಳಿದರ್ಧ ಜನ ಲಾಡಿಯನ್ನು ನೋಡುವ ಆಸೆಗೆ ಕೊಳೆಯಾಗದ ಅಂಗಿಯನ್ನೂ ಒಗೆಯಲು ತರುತ್ತಿದ್ದರು.

ದೊಡ್ಡಮ್ಮ ತೀರಿಕೊಂಡ ಮೇಲೆ ಲಾಡಿ ದೊಡ್ಡಪ್ಪನ ಪಾಲಿಗೆ ಬಂತು. ಮೊದಲು ಅದನ್ನು ಮುಟ್ಟಲು ಹಿಂಜರಿಯುತ್ತಿದ್ದವನು ಈಗ ಬೆಳಿಗ್ಗೆ ಎದ್ದು ಮೊದಲು ಅದನ್ನೇ ಮಾತಾಡಿಸುತ್ತಿದ್ದ. ಅವಳ ಕೈಯ ರುಚಿ, ದನಿ, ನಡಿಗೆ ಎಲ್ಲ ಹೋಗಿತ್ತು. ಅವಳು ಸಾಕಿದ ಜೀವ ಎಂದು ಉಳಿದದ್ದು ಅದೊಂದೇ.

ಅದಕ್ಕೆ ಅಡಗಿ ಕೂರಲು ಜಾಗ ಬೇಕೆಂದು ದೊಡ್ಡಪ್ಪ ಸಂತೆಯಿಂದ ಒಂದು ಟೊಳ್ಳು ಮರದ ತುಂಡು ತಂದ. ಮಾರಿದವನ ಹಾವು ಸತ್ತುಹೋಗಿತ್ತಂತೆ. ಏಕೆ ಸತ್ತಿತು ಎಂದು ದೊಡ್ಡಪ್ಪ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಕೆಲವು ವಾರಗಳಲ್ಲಿ ಲಾಡಿ ನೀರಿಗಿಳಿಯಿತು. ಊಟ ಬಿಟ್ಟಿತು. ಪೊರೆ ಚೂರುಚೂರಾಗಿ ಕಿತ್ತು ಬಂತು. ಬಟ್ಟಲಿನ ತಳದಲ್ಲಿ ಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕೆಗಳು. ಕೆಳದವಡೆಯ ಪಕ್ಕ ಕಡಲೆಕಾಳಿನಷ್ಟು ಒಂದು ಗಡ್ಡೆಯೂ ಎದ್ದಿತ್ತು.

ಕರಿ ಚುಕ್ಕೆ ಹರಿದಾಡುವುದನ್ನು ನಾನು ಕಂಡೆ. “ದೊಡ್ಡಪ್ಪ, ಹುಳ!”

“ಹುಳಕ್ಕೆ ಮದ್ದು ನಮ್ಮಲ್ಲೇ ಇಲ್ವಾ?” ಎಂದವನೇ ಉಣ್ಣೆ ಬಟ್ಟೆಯ ಕಪಾಟಿನಿಂದ ನಾಲ್ಕು ನುಸಿಗುಳಿಗೆ ತಂದು ಪೆಟ್ಟಿಗೆಯ ನಾಲ್ಕು ಮೂಲೆಗೆ ಇಟ್ಟ. “ಇಷ್ಟು ವರ್ಷ ಜನರ ಕೋಟು ಕಾಪಾಡಿದ್ದು ಇದನ್ನ ಕಾಪಾಡಲ್ವಾ?”

ಆಮೇಲೆ ಬಟ್ಟೆಯೊಂದನ್ನು ಮಡಿಸಿ, ಇಸ್ತ್ರಿಯಲ್ಲಿ ಬಿಸಿ ಮಾಡಿ, ಗಡ್ಡೆಗೆ ಕಾವು ಕೊಟ್ಟ. “ಕುರುವಿಗೆ ಕಾವು ಕೊಟ್ರೆ ಹಣ್ಣಾಗಿ ಒಡೆಯುತ್ತೆ. ಚಿಕ್ಕಂದಿನಲ್ಲಿ ನಿನಗೂ ಕೊಟ್ಟಿದ್ದೆ, ಮರೆತ್ಯಾ?”

“ಸುಟ್ಟಾಗ ನಾನು ಬೊಬ್ಬೆ ಹೊಡೆದಿದ್ದೆ ದೊಡ್ಡಪ್ಪ. ಇದು ಹೇಗೆ ಹೊಡೆಯುತ್ತೆ?”

ಅವನು ಬಟ್ಟೆಯನ್ನು ಸ್ವಲ್ಪ ಆರಲು ಬಿಟ್ಟ. ಕಾವು ಕೊಡುವುದನ್ನು ಮಾತ್ರ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಪ್ರಾಣಿಗಳ ಆಸ್ಪತ್ರೆಯ ನರ್ಸಕ್ಕ ಬಂದಳು. ವಾರಕ್ಕೊಮ್ಮೆ ಡಾಕ್ಟರರ ಬಿಳಿ ಕೋಟುಗಳ ಮೂಟೆ ತರುವವಳು. ಒಳಗೆ ಕಾಲಿಟ್ಟವಳೇ ಮೂಗು ಅರಳಿಸಿದಳು. “ಏನಣ್ಣ ಇದು, ಹಾವಿನ ಪೆಟ್ಟಿಗೆಯಿಂದ ಸ್ವೆಟರ್ ವಾಸನೆ ಬರ್ತಿದೆ?”

ಮುಚ್ಚಳ ತೆಗೆದಳು. ಲಾಡಿಯ ತಲೆ ತೂಗುತ್ತಿತ್ತು. ಹಿಡಿದರೆ ಒದ್ದೆ ಹಗ್ಗದ ಹಾಗೆ ಜೋತು ಬಿತ್ತು. ಅವಳು ಒಂದು ಖಾಲಿ ಬಕೆಟ್ಟಿಗೆ ಕಾಗದ ಹಾಸಿ, ಲಾಡಿಯನ್ನು ಅದರಲ್ಲಿಟ್ಟು, ಮೇಲೆ ತೆಳುಬಟ್ಟೆ ಕಟ್ಟಿ ಕಿಟಕಿಯ ಬಳಿ ಗಾಳಿಗೆ ಇಟ್ಟಳು.

“ನುಸಿಗುಳಿಗೆಯ ಗಾಳಿ ಇದಕ್ಕೆ ವಿಷ ಅಣ್ಣ. ಹುಳಕ್ಕಿಂತ ಮುಂಚೆ ಹಾವೇ ಹೋಗುತ್ತೆ.”

“ನಾಲ್ಕು ಹುಳ ತಾನೇ ನರ್ಸಮ್ಮ? ಯಾರ ಮೈಮೇಲಿಲ್ಲ ಹುಳ?” ಎಂದ ದೊಡ್ಡಪ್ಪ. ಪಕ್ಕದ ಕ್ಷೌರದಂಗಡಿಯವನು ಬಾಗಿಲಿಗೆ ಒರಗಿ ನಿಂತು, “ಹಾವಿಗೂ ನರ್ಸಾ! ಇನ್ನು ಹಲ್ಲಿಗೆ ಹಲ್ಲು ಕಟ್ಟಿಸೋದೊಂದು ಬಾಕಿ” ಎಂದು ನಕ್ಕ.

“ನಿನ್ನ ಗಿರಾಕಿಗಳ ತಲೆ ನಾನು ನೋಡಿದ್ದೀನಿ. ಮೊದಲು ಅಲ್ಲಿಯ ಹೇನು ಎಣಿಸು, ಹೋಗು” ಎಂದಳು ನರ್ಸಕ್ಕ. ಅವನು ನಗುವುದನ್ನು ನಿಲ್ಲಿಸಿ ಅಲ್ಲೇ ನಿಂತ.

ಅವಳು ಒಂದು ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಲಾಡಿಯ ಮೈಯನ್ನು ತಲೆಯಿಂದ ಬಾಲದವರೆಗೆ ಮೆಲ್ಲಗೆ ಒರೆಸಿದಳು. ಬಟ್ಟೆಯ ತುಂಬ ಕರಿ ಚುಕ್ಕೆ. ಅವುಗಳ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ಬಟ್ಟೆಯನ್ನು ದೊಡ್ಡಪ್ಪನ ಕೈಗೆ ಕೊಟ್ಟಳು. “ಕಲೆ ಓದೋದ್ರಲ್ಲಿ ನೀವು ಪಂಡಿತರು. ಇದು ಯಾವ ಕಲೆ, ಹೇಳಿ.”

ನಲವತ್ತು ವರ್ಷ ಕಲೆ ತೆಗೆದ ಮನುಷ್ಯ. ಚಹಾ ಯಾವುದು, ತುಕ್ಕು ಯಾವುದು ಎಂದು ದೂರದಿಂದಲೇ ಹೇಳುತ್ತಿದ್ದ. ಬಟ್ಟೆಯನ್ನು ಬೆಳಕಿಗೆ ಹಿಡಿದ. ತಣ್ಣೀರು ಚಿಮುಕಿಸಿ ಉಜ್ಜಿದ. ಕಂದು ಬಣ್ಣ ಕೆಂಪಾಗಿ ಹರಡಿತು.

“ರಕ್ತ” ಎಂದ.

“ಯಾರ ರಕ್ತ?”

ದೊಡ್ಡಪ್ಪ ಲಾಡಿಯ ಕಡೆ ನೋಡಿದ.

“ನಾಯಿ ಮೈಮೇಲೆ ಉಣ್ಣಿ ಇರುತ್ತಲ್ಲ, ಅದರ ಚಿಕ್ಕ ತಮ್ಮ ಇದು. ಕಣ್ಣಿನ ಸುತ್ತ, ಗಲ್ಲದ ಕೆಳಗೆ, ಹುರುಪೆಯ ಸಂದಿಯಲ್ಲಿ ಕೂತು ರಕ್ತ ಹೀರುತ್ತೆ. ಓತಿ ಸಾಕಿದವರು ಕಾಲಿನ ಕಂಕುಳು, ಕಿವಿಯ ತೂತು, ಬೆರಳ ಸಂದಿ ನೋಡಬೇಕು. ಲಾಡಿ ನೀರಲ್ಲಿ ಮಲಗಿದ್ದು ಸೆಕೆಗಲ್ಲ ಅಣ್ಣ, ಕಡಿತ ತಾಳಲಾರದೆ. ಮೊಟ್ಟೆಗಳು ಅದರ ಮೈಮೇಲಲ್ಲ, ಪೆಟ್ಟಿಗೆಯ ಸಂದಿಯಲ್ಲಿವೆ. ಆ ಮರದ ತುಂಡು ಎಲ್ಲಿಂದ ಬಂತು?”

ದೊಡ್ಡಪ್ಪನ ಬದಲು ನಾನು ಹೇಳಿದೆ. “ಹಾಗಾದ್ರೆ ಹುಳ ಅದರ ಜೊತೆಗೇ ಬಂದಿದೆ” ಎಂದಳು ನರ್ಸಕ್ಕ.

“ಸರಿ, ಹುಳ ತೆಗೆಯೋಣ. ಗಡ್ಡೆಗೆ ಒಂದು ಸೂಜಿ ಕೊಡು ಪುಟ್ಟಿ, ಚುಚ್ಚಿ ಹಿಂಡಿಬಿಡ್ತೀನಿ” ಎಂದ ದೊಡ್ಡಪ್ಪ.

“ಹಿಂಡಿದ್ರೆ ಏನೂ ಬರಲ್ಲ. ಮನುಷ್ಯರ ಕೀವು ನಿಮ್ಮ ಪಾತ್ರೆಯ ಬಿಸಿ ಗಂಜಿ ಇದ್ದ ಹಾಗೆ, ಹರಿಯುತ್ತೆ. ಹಾವಿಂದು, ಓತಿದು, ತಳದಲ್ಲಿ ಒಣಗಿ ಕೂತ ಗಂಜಿ. ಕಾವಿಗೆ ಕರಗಲ್ಲ, ಚುಚ್ಚಿದ್ರೆ ಸುರಿಯಲ್ಲ. ನೀವು ಕೊಟ್ಟ ಕಾವಿಗೆ ಚರ್ಮ ಕೆಂಪಾಗಿದೆ ನೋಡಿ, ಅಷ್ಟೇ ಲಾಭ. ಡಾಕ್ಟರ್ ಮಂಪರು ಕೊಟ್ಟು, ಕುಯ್ದು, ಪೂರ್ತಿ ತೆಗೀಬೇಕು. ಅದೂ ಕೀವೇ ಅಂತ ಹೇಗೆ ಹೇಳ್ತೀರಿ? ಒಳಗೆ ಹುಳ ಇರಬಹುದು, ಬೇರೇನೋ ಬೆಳೆದಿರಬಹುದು. ಪರೀಕ್ಷೆ ಮಾಡದೆ ಡಾಕ್ಟರಿಗೂ ಗೊತ್ತಾಗಲ್ಲ.”

“ಬೇಡ.”

“ಯಾಕಣ್ಣ?”

“ಆಸ್ಪತ್ರೆ ಬೇಡಮ್ಮ. ಮಲಗಿಸ್ತಾರೆ, ಕುಯ್ತಾರೆ. ಆಮೇಲೆ ಕನ್ನಡಕ, ಚಪ್ಪಲಿ ಒಂದು ಚೀಲಕ್ಕೆ ಹಾಕಿ ಕೈಗೆ ಕೊಟ್ಟು ಕಳಿಸ್ತಾರೆ.”

ಹಾವಿಗೆ ಕನ್ನಡಕವೂ ಇಲ್ಲ, ಚಪ್ಪಲಿಯೂ ಇಲ್ಲ. ಆದರೆ ಯಾರೂ ನಗಲಿಲ್ಲ. ಕ್ಷೌರದವನು ಕೂಡ ತಲೆ ತಗ್ಗಿಸಿದ.

ನಾನೇ ಕೇಳಿದೆ. ಕೇಳಬಾರದಿತ್ತೇನೋ, ಆದರೂ ಕೇಳಿದೆ. “ದೊಡ್ಡಮ್ಮ ನಿನಗೆ ತನ್ನ ಗಡ್ಡೆ ತೋರಿಸಿದ್ದು ಯಾವಾಗ, ದೊಡ್ಡಪ್ಪ?”

ಅವನು ಇಸ್ತ್ರಿ ಮೇಜಿನ ಮೇಲಿನ ಬಟ್ಟೆಯ ಸುಕ್ಕನ್ನು ಕೈಯಿಂದ ಸವರಿದ.

“ಮಳೆಗಾಲಕ್ಕೆ ಮುಂಚೆ. ಕಂಕುಳ ಹತ್ತಿರ ಇತ್ತು. ನೋವಿಲ್ಲ ಬಿಡಿ, ಕರಗುತ್ತೆ ಅಂದಳು. ನಾನೂ ಹೂಂ ಅಂದೆ. ಕಾವು ಕೊಟ್ಟೆ. ಆಸ್ಪತ್ರೆಗೆ ಹೋದಾಗ ಚಳಿಗಾಲ ಮುಗಿದಿತ್ತು.”

ನರ್ಸಕ್ಕ ಅವನ ಪಕ್ಕಕ್ಕೆ ಬಂದು ನಿಂತಳು. “ಅಕ್ಕನನ್ನ ಕರ್ಕೊಂಡು ಹೋಗಿದ್ದು ಆಸ್ಪತ್ರೆ ಅಲ್ಲ ಅಣ್ಣ. ತಡವಾಗಿದ್ದು. ಲಾಡಿ ಖಂಡಿತ ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ. ಇನ್ನೂ ಹೊತ್ತು ಮೀರಿಲ್ಲ ಅಂತ ಮಾತ್ರ ಹೇಳ್ತೀನಿ.”

ದೊಡ್ಡಪ್ಪ ಒಂದು ಬೆತ್ತದ ಬುಟ್ಟಿ ತೆಗೆದು, ಧೂಳು ಕೊಡವಿ, ಒಗೆದ ಬಟ್ಟೆ ಹಾಸಿದ. “ಮುಚ್ಚಳ ಭದ್ರವಾಗಿದೆಯಾ ನೋಡು ಪುಟ್ಟಿ” ಎಂದ. ಆ ದಿನ ಮೊದಲ ಬಾರಿಗೆ ಅಂಗಡಿ ನಡುಹಗಲಿನಲ್ಲಿ ಮುಚ್ಚಿತು.

ಡಾಕ್ಟರಮ್ಮ ಗಡ್ಡೆಯನ್ನು ಪೂರ್ತಿ ತೆಗೆದು ತಟ್ಟೆಯಲ್ಲಿಟ್ಟು ತೋರಿಸಿದರು. ಗಟ್ಟಿ, ಹಳದಿ, ನಿಜವಾಗಿಯೂ ಒಣಗಿದ ಗಂಜಿಯೇ. ಒಂದು ಚೂರನ್ನು ಪರೀಕ್ಷೆಗೆ ಕಳಿಸಿದರು. ಕೀವೇ ಎಂದು ಉತ್ತರ ಬಂತು. ಕೆಲವು ದಿನ ಚುಚ್ಚುಮದ್ದು. ಹುಳಕ್ಕೆ ಲಾಡಿಯ ತೂಕ ನೋಡಿ ಔಷಧಿ ಕೊಟ್ಟರು. “ನಾಯಿಯ ಉಣ್ಣಿ ಪುಡಿ, ಸೀಮೆಎಣ್ಣೆ ಏನೂ ಹಚ್ಚಬೇಡಿ. ಹಾವಿಗೆ ಕೊಟ್ಟ ಮದ್ದನ್ನು ಕೇಳದೆ ಓತಿಗೆ ಹಾಕಬೇಡಿ. ಹಾವಿನ ಹುಳಕ್ಕೆ ಕೊಡುವ ಒಂದು ಮದ್ದು ಆಮೆಯ ಜೀವವನ್ನೇ ತೆಗೆಯುತ್ತದೆ” ಎಂದರು.

ಮರದ ತುಂಡನ್ನು ಹಿತ್ತಲಲ್ಲಿ ಸುಟ್ಟೆವು. ಪೆಟ್ಟಿಗೆಯನ್ನು ಬಿಸಿನೀರು ಸೋಪು ಹಾಕಿ ತಿಕ್ಕಿ, ತೊಳೆದು, ಬಿಸಿಲಿಗೆ ಒಣಗಿಸಿದೆವು. ತಳಕ್ಕೆ ಬರೀ ಬಿಳಿ ಕಾಗದ, ದಿನಾ ಬದಲು. ಹತ್ತು ದಿನಕ್ಕೆ ಒಂದು ಹುಳವೂ ಕಾಣಲಿಲ್ಲ. “ಮುಗೀತಲ್ಲ, ಇನ್ನೇಕೆ ಔಷಧಿ?” ಎಂದ ದೊಡ್ಡಪ್ಪ. “ಮೊಟ್ಟೆ ನಿಮ್ಮನ್ನ ಕೇಳಿ ಒಡೆಯುತ್ತಾ?” ಎಂದಳು ನರ್ಸಕ್ಕ. ಡಾಕ್ಟರಮ್ಮ ಸಾಕು ಎನ್ನುವವರೆಗೆ, ಆರು ವಾರ, ನಡೆಸಿದೆವು.

ಆಮೇಲೊಂದು ಬೆಳಿಗ್ಗೆ ಲಾಡಿ ಪೊರೆ ಬಿಟ್ಟಿತ್ತು. ಮೂತಿಯಿಂದ ಬಾಲದ ತುದಿವರೆಗೆ ಒಂದೇ ತುಂಡು, ಕಾಲುಚೀಲ ತಿರುವಿ ತೆಗೆದ ಹಾಗೆ. ದೊಡ್ಡಪ್ಪ ಅದನ್ನು ಹಿತ್ತಲ ಹಗ್ಗಕ್ಕೆ, ಡಾಕ್ಟರರ ಬಿಳಿ ಕೋಟುಗಳ ಪಕ್ಕದಲ್ಲೇ, ಕ್ಲಿಪ್ಪು ಹಾಕಿ ತೂಗುಬಿಟ್ಟ. “ಇದಕ್ಕೆ ಇಸ್ತ್ರಿ ಬೇಡ, ಅವಳಿದ್ದಿದ್ರೆ ನೋಡಿ ಕುಣಿದಾಡ್ತಿದ್ಲು” ಎಂದು ನಕ್ಕ. ಅವನು ಹಾಗೆ ನಕ್ಕು ಒಂದು ವರ್ಷದ ಮೇಲಾಗಿತ್ತು.

ಲಾಡಿ ಇನ್ನೂ ಒಂಬತ್ತು ವರ್ಷ ಬದುಕಿತು. ಅವನ ಸಂಜೆಗಳೆಲ್ಲ ಅದರ ಜೊತೆ ಕಳೆದವು.

ಹಾವು, ಓತಿ ಸಾಕಿದ ಅಕ್ಕ ಅಣ್ಣಂದಿರೇ, ವಾರಕ್ಕೊಮ್ಮೆ ಅವುಗಳ ಮೈಯನ್ನು ಬೆಳಕಿನಲ್ಲಿ ನೋಡಿ. ನೀರು ಬಿಟ್ಟು ಏಳದಿದ್ದರೆ, ಪೊರೆ ಹರಿದು ಬಂದರೆ, ಊಟ ಬಿಟ್ಟರೆ, ಕಾರಣ ಹುಡುಕಿ. ಹಳೆಯ ಪೆಟ್ಟಿಗೆ, ಮರ, ಕಲ್ಲು ತಂದರೆ ಬಿಸಿನೀರಿನಲ್ಲಿ ತೊಳೆಯದೆ ಒಳಗಿಡಬೇಡಿ. ಹೊಸ ಹಾವನ್ನು ಕೆಲವು ವಾರ ಬೇರೆ ಕೋಣೆಯಲ್ಲಿಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಗಡ್ಡೆಯನ್ನು ಸುಡಬೇಡಿ, ಚುಚ್ಚಬೇಡಿ, ಹಿಂಡಬೇಡಿ. ನಾಯಿಗೆ ನೋವಾದರೆ ಕುಂಟುತ್ತದೆ, ಬೆಕ್ಕಿಗಾದರೆ ಕೂಗುತ್ತದೆ. ಇವು ಸುಮ್ಮನೆ ಮಲಗಿರುತ್ತವೆ. ಗಡ್ಡೆ ಕಂಡ ದಿನವೇ ಪ್ರಾಣಿಗಳ ಡಾಕ್ಟರ ಹತ್ತಿರ ಹೊರಡಿ.

ಮನೆಯ ಮನುಷ್ಯರು ಒಂದು ಗಡ್ಡೆ ತೋರಿಸಿ “ನೋವಿಲ್ಲ ಬಿಡಿ” ಎಂದರೂ ಅಷ್ಟೇ. ಹೂಂ ಅನ್ನಬೇಡಿ. ಚಪ್ಪಲಿ ಮೆಟ್ಟಿ ಹೊರಡಿ.