ಹರಿಗೋಲಿಗೆ ಹಾಕಿದ ಬೀಗ

ಬಂಗಾಳ ಕೊಲ್ಲಿಯಲ್ಲಿ ಎದ್ದ ಗಾಳಿಗೆ ಹಗರಿ ಹೊಳೆಯ ಹರಿಗೋಲಿಗೆ ಬೀಗ ಬಿತ್ತು ಎಂದರೆ ಯಾರು ನಂಬುತ್ತಾರೆ? ಮದರಾಸು ಸರ್ಕಾರದ ಕಾಲದಲ್ಲಿ ಅದೂ ನಡೆಯಿತು. ಕಡಲಲ್ಲಿ ಕಂಡುಕೇಳರಿಯದ ತುಫಾನು ಏಳಲಿದೆ, ದೋಣಿಗಳನ್ನೆಲ್ಲ ದಡಕ್ಕೆಳೆದು ಕಟ್ಟಿಸಿ ಎಂದು ರಾಯದುರ್ಗಕ್ಕೆ ತಂತಿ ಬಂತು. ರೆವಿನ್ಯೂ ಇನ್‌ಸ್ಪೆಕ್ಟರ್ ಚನ್ನಬಸವಯ್ಯ ಆ ಮಾತನ್ನು ತಲೆಯ ಮೇಲೆ ಹೊತ್ತು, ಜವಾನನ ಕೈಲಿ ಸರಪಳಿ ಹೊರಿಸಿ, ಬೊಮ್ಮನಹಾಳ್ ಕಡೆಯ ಹೊಳೆದಂಡೆಗೆ ಬಂದರು. ಕಡಲು ಅಲ್ಲಿಂದ ಇನ್ನೂರು ಮೈಲಿ. ಹೊಳೆಯಲ್ಲಿ ಆಗ ಬೊಗಸೆ ನೀರೂ ಹರಿಯುತ್ತಿರಲಿಲ್ಲ.

ವೈಶಾಖದ ಬಿಸಿಲಿಗೆ ಬೆಳ್ಳಗೆ ಬಿದ್ದ ಮರಳಿನ ನಡುವೆ ಕಲ್ಲಂಗಡಿ ಬಳ್ಳಿ ಹಬ್ಬಿತ್ತು. ಬಳ್ಳಿಗಳ ಮಧ್ಯೆ ಒಂದು ಹರಿಗೋಲು ಬೋರಲು ಬಿದ್ದಿತ್ತು. ಅಂಬಿಗರ ಉಜ್ಜಿನಮ್ಮನದು ಅದು. ಗಂಡ ಮೂಕಪ್ಪ ತೀರಿಕೊಂಡ ಮೇಲೆ ಹುಟ್ಟು ಹಿಡಿದವಳು ಅವಳೇ. ಬೇಸಿಗೆಯಲ್ಲಿ ಅದಕ್ಕೊಂದು ಕೋಲು ಆನಿಸಿಟ್ಟರೆ ಕಾಯಿ ಕೊಯ್ಯುವವರಿಗೆ ನೆರಳು. ಹೊಳೆಯೊಳಗೆ ಜನ ಇರುವಷ್ಟು ದಿನ ಹರಿಗೋಲೂ ಒಳಗೇ ಇರಬೇಕು ಎಂಬುದು ಮೂಕಪ್ಪ ಹಾಕಿಕೊಟ್ಟ ರೂಢಿ.

"ಇದನ್ನ ದಡಕ್ಕ ಎಳೀಬೇಕು. ಸರ್ಕಾರದ ಹುಕುಂ ಐತಿ," ಎಂದರು ಚನ್ನಬಸವಯ್ಯ.

ಉಜ್ಜಿನಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಯಾಕ್ರಿ ಅಯ್ನೋರ? ಕಡಲಾಗ ಗಾಳಿ ಎದ್ರ ಮಂದಿ ದಡಕ್ಕ ಓಡಿ ಬರ್ತಾರ, ಅವರ ದೋಣಿ ದಡದಾಗ ಇರ್ಲಿ. ನಮ್ಮ ಹೊಳಿ ಬಂದ್ರ ಮಂದಿ ಒಳಗ ಸಿಕ್ಕೊಂತಾರ. ಹರಿಗೋಲು ದಂಡ್ಯಾಗ ಕುಂತು ಏನ್ ಮಾಡ್ತೈತ್ರಿ, ಅಳ್ತೈತೇನು?"

ಕಾಯಿ ಕೊಯ್ಯುತ್ತಿದ್ದವರು ನಕ್ಕರು. ಚನ್ನಬಸವಯ್ಯನವರ ಮುಖ ಕೆಂಪಾಯಿತು.

"ತುಫಾನು ಬರ್ತೈತಿ ಅಂತ ಮದರಾಸಿನ ದೊರಿಗಳು ಹೇಳ್ಯಾರ!"

"ಬರ್ಲಿ ಬಿಡ್ರಿ. ಬರ್ತೈತಿ ಅಂತ್ಲೇ ಇದು ಇಲ್ಲಿರಬೇಕು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಾಯಿತು. ಆದರೆ ಆ ದಿನಗಳಲ್ಲಿ ಗೆಲ್ಲುತ್ತಿದ್ದದ್ದು ಕೋಟು ಹಾಕಿದ ಎತ್ತು. ಹರಿಗೋಲು ದಡ ಸೇರಿತು. ಬಾಯಂಚಿನ ದಪ್ಪ ಬಿದಿರಿಗೆ ಸರಪಳಿ ಸುತ್ತಿ, ಬೇವಿನ ಮರಕ್ಕೆ ಬಿಗಿದು ಬೀಗ ಜಡಿದರು. ಬೀಗ ಮುಟ್ಟಿದರೆ ಜೈಲು ಎಂದು ಹೇಳಿ, ಕೀಲಿಯನ್ನು ಜೇಬಿಗಿಳಿಸಿಕೊಂಡು ಅಯ್ಯನವರು ಹೊರಟುಹೋದರು.

ಮೂರನೆಯ ದಿನ ಮೂಡಗಾಳಿ ಬೀಸಿತು, ನಾಲ್ಕು ಹನಿ ಉದುರಿದವು, ಅಷ್ಟೇ. "ಅಕ್ಕಾ, ನಿನ್ನ ತುಫಾನು ದಾರಿ ತಪ್ಪೇತಿ!" ಎಂದು ತಂಗಿ ಚಿನ್ನಕ್ಕ ಐದು ಮಂದಿ ಆಳುಗಳನ್ನು ಕರೆದುಕೊಂಡು ನಡುಹೊಳೆಗೆ ಹೋದಳು. ಉಜ್ಜಿನಮ್ಮ ಗಾಡಿಗೆ ಕಾಯಿ ತುಂಬಲು ದಡದಲ್ಲೇ ಉಳಿದಳು. ಬಾಯಾರಿ, ಮರಳಲ್ಲಿ ತೋಡಿದ ವರತೆಯ ಹತ್ತಿರ ಬಂದಳು. ನಿನ್ನೆ ಮೊಳಕಾಲುದ್ದ ಇದ್ದ ತಿಳಿನೀರು ಈಗ ಅಂಚಿನವರೆಗೆ ತುಂಬಿತ್ತು, ಕೆಂಪಗೆ ಕದಡಿತ್ತು. ಮೇಲುಸೀಮೆಯಲ್ಲಿ ಮಳೆ ಹೊಡೆದಿದೆ ಎಂದು ಅವಳಿಗೆ ಗೊತ್ತಾಯಿತು.

"ಹೊಳಿ ಬಂತು! ಬರ್ರೇ ಹೊರಗ!"

ಕೂಗು ಮುಟ್ಟುವ ಮೊದಲೇ ದಡದ ಕಡೆಯ ತಗ್ಗಿನಲ್ಲಿ ನೊರೆನೀರು ನುಗ್ಗಿತು. ಆರು ಜನ ಮರಳುದಿಬ್ಬದ ಮೇಲೆ ಸಿಕ್ಕಿಕೊಂಡರು. ದಿಬ್ಬ ಅಂಚಿನಿಂದ ಕುಸಿಯುತ್ತಿತ್ತು.

ಉಜ್ಜಿನಮ್ಮ ಬೇವಿನ ಮರಕ್ಕೆ ಓಡಿದಳು. ಕೀಲಿ ಮೂರು ಮೈಲಿ ದೂರದಲ್ಲಿ, ಅಯ್ಯನವರ ಬಿಡಾರದಲ್ಲಿತ್ತು. ಗಾಡಿ ಹೊಡೆಯುವ ದೊಡ್ಡಮಲ್ಲಪ್ಪ ಅಡ್ಡ ಬಂದ. "ಬ್ಯಾಡವ್ವಾ, ಸರ್ಕಾರದ ಬೀಗ! ಬೇಡಿ ಹಾಕ್ತಾರ!"

"ಬೀಗ ಯಾವಕಿ ಮುಟ್ತಾಳ?" ಎಂದವಳೇ ಸೊಂಟದ ಕುಡುಗೋಲು ಹಿರಿದು ಹರಿಗೋಲಿನ ಬಾಯಂಚನ್ನೇ ಕಡಿಯತೊಡಗಿದಳು. ಮೂಕಪ್ಪ ಬೆಂಕಿಗೆ ಹಿಡಿದು ಬಾಗಿಸಿ, ಮೂರು ದಿನ ಕೂತು ಕಟ್ಟಿದ್ದ ಬಿದಿರು. ಒಂದೊಂದು ಏಟೂ ಅವಳ ಮೈಮೇಲೆಯೇ ಬಿದ್ದಂತಿತ್ತು. ಗೇಣುದ್ದದ ತುಂಡು ಸರಪಳಿಯಲ್ಲೇ ಉಳಿದು ಹರಿಗೋಲು ಬಿಡಿಸಿಕೊಂಡಿತು. ಸೆರಗು ಹರಿದು ಬಾಯಿಬಿಟ್ಟ ಅಂಚನ್ನು ಬಿಗಿದಳು. ದೊಡ್ಡಮಲ್ಲಪ್ಪ ಒಂದು ಸಲ ದಾರಿಯ ಕಡೆ ನೋಡಿದ, ಆಮೇಲೆ ತಾನೂ ಕೈ ಹಾಕಿ ನೀರಿಗೆ ನೂಕಿದ.

ಮೊದಲ ಸಲ ಮೂವರು ಬಂದರು. ಎರಡನೆಯ ಸಲ ಚಿನ್ನಕ್ಕ ಮತ್ತು ಉಳಿದಿಬ್ಬರು. ಕಡಿದ ಕಡೆಯಿಂದ ನೀರು ಒಳನುಗ್ಗಿತು. ಚಿನ್ನಕ್ಕ ಮಡಿಲಲ್ಲಿದ್ದ ಕಲ್ಲಂಗಡಿ ಒಡೆದು, ತಿರುಳು ಕಿತ್ತೆಸೆದು, ಆ ಹೋಳಿನಲ್ಲೇ ನೀರು ಮೊಗೆದು ಚೆಲ್ಲಿದಳು. "ತುಫಾನು ದಾರಿ ತಪ್ಪೇತಿ ಅಂದ್ಯಲ್ಲ, ಮೊಗೀ ಈಗ!" ಎಂದು ಉಜ್ಜಿನಮ್ಮ ಬೈಯುತ್ತ, ಅಳುತ್ತ ಹುಟ್ಟು ಹಾಕಿದಳು. ದಡ ಮುಟ್ಟಿ ತಿರುಗಿ ನೋಡಿದರೆ ದಿಬ್ಬವೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಚನ್ನಬಸವಯ್ಯ ಕೀಲಿ ಹಿಡಿದು ಬಂದರು. ಮರದಲ್ಲಿ ಸರಪಳಿ ಇತ್ತು, ಹರಿಗೋಲು ಇರಲಿಲ್ಲ. "ಬೀಗ ಒಡದೆಯೇನು?"

"ನೀವೇ ನೋಡ್ಕೋರಿ ಅಯ್ನೋರ. ಹಾಕಿದಂಗ ಐತಿ. ಸರ್ಕಾರದ್ದು ಯಾರೂ ಮುಟ್ಟಿಲ್ಲ."

ಅವಳ ಹಿಂದೆ ಆರು ಜನ ಬಂದು ನಿಂತರು. ಚನ್ನಬಸವಯ್ಯ ಅವರನ್ನು ಎಣಿಸಿದರೋ ಏನೋ, ಮರದ ಕಡೆ ತಿರುಗಿದರು. ಬೀಗ ತೆಗೆದಾಗ ಬಿದಿರಿನ ತುಂಡು ಅವರ ಕಾಲ ಬಳಿ ಬಿತ್ತು.

ಉಜ್ಜಿನಮ್ಮ ಕೈ ಚಾಚಿದಳು. "ಅದು ನಮ್ಮ ಮನ್ಯಾರದು. ಕೊಡ್ರಿ."

ಅಯ್ಯನವರು ಬಗ್ಗಿ ಅದನ್ನೆತ್ತಿ, ಮರಳು ಒರೆಸಿ, ಅವಳ ಕೈಗೆ ಕೊಟ್ಟರು.