ಗಾಜಿನ ಆಟದಲ್ಲಿ ಮೂರು ಪೀಠ

ಹೊಳೆ ಹೋಗಿ ಸಮುದ್ರ ಸೇರುವ ಕಡೆ ಒಂದು ಪಟ್ಟಣವಿತ್ತು. ಹೆಸರು ಬೇಡ. ಹೇಳಿದರೆ ಆ ಪಟ್ಟಣದವರು ನಮ್ಮದಲ್ಲ ಎನ್ನುತ್ತಾರೆ, ಪಕ್ಕದ ಪಟ್ಟಣದವರು ನಮ್ಮದೇ ಎನ್ನುತ್ತಾರೆ. ಅಲ್ಲಿ ಬಂದರಿನ ಹಿಂದೆ ಚೀನೀ ಬೀದಿ, ಆ ಬೀದಿಯ ತುದಿಯಲ್ಲಿ ಒಂದೇ ಉದ್ದ ಜಗಲಿ ಹಂಚಿಕೊಂಡ ಮೂರು ಮನೆ. ಮೊದಲನೆಯದು ಬೂಟು ಹೊಲಿಯುವ ಚುಂಗ್‌ನದು, ನಡುವಿನದು ಹಲ್ಲು ಕಟ್ಟುವ ತಾನ್‌ನದು, ಕೊನೆಯದು ಬಡಗಿ ಕ್ವಾಂಗ್‌ನದು. ಪಟ್ಟಣದವರ ಬಾಯಲ್ಲಿ ಬೂಟಿನ ಚೀನಿ, ಹಲ್ಲಿನ ಚೀನಿ, ಮರದ ಚೀನಿ.

ಪಟ್ಟಣದವರಿಗೆ ಮೂವರೂ ಒಂದೇ. ಆದರೆ ಚುಂಗ್ ಬೆಟ್ಟದ ಸೀಮೆಯವನು, ತಾನ್ ದೊಡ್ಡ ನದಿಯ ದಂಡೆಯವನು, ಕ್ವಾಂಗ್ ಕಡಲ ಬಾಯಿಯವನು. ಒಬ್ಬನ ಮನೆಮಾತು ಇನ್ನೊಬ್ಬನಿಗೆ ತಿಳಿಯದು. ಹಾಗಾಗಿ ಅವರ ಜಗಳ, ತಮಾಷೆ, ಚಾಡಿ ಎಲ್ಲವೂ ಪಟ್ಟಣದ ಮಾತಿನಲ್ಲೇ ನಡೆಯುತ್ತಿದ್ದವು. ನಮ್ಮೆದುರು ನಮ್ಮ ಮಾತೇ ಆಡುತ್ತಾರೆ, ಎಂಥ ಮರ್ಯಾದಸ್ಥರು ಎಂದು ಪಟ್ಟಣದವರು ಹಿಗ್ಗುತ್ತಿದ್ದರು.

ಅವರ ಹೊಸ ವರ್ಷ ಬಂತೆಂದರೆ ಜಗಲಿಯ ಮೇಲೆ ತಟ್ಟೆಗಳು ಓಡಾಡುತ್ತಿದ್ದವು. ತಾನ್‌ನ ಮನೆಯಿಂದ ಖೀಮಾ ತುಂಬಿದ ಗೋಧಿ ಹಿಟ್ಟಿನ ಕಡುಬು. ಚುಂಗ್‌ನ ಬೆಟ್ಟದಲ್ಲಿ ಗೋಧಿ ಎಲ್ಲಿಂದ ಬರಬೇಕು, ಅವನ ಹಿರಿಯರು ಅದೇ ಹೂರಣವನ್ನು ತೋಫುವಿನ ಹೊಟ್ಟೆ ಬಗೆದು ತುಂಬುವುದನ್ನು ಕಲಿತಿದ್ದರು. ಕ್ವಾಂಗ್‌ನ ಹೆಂಡತಿ ಅಕ್ಕಿ ಹಿಟ್ಟಿಗೆ ಬೆಲ್ಲ ಕಲಸಿ ಹಬೆಯಲ್ಲಿ ಬೇಯಿಸುತ್ತಿದ್ದಳು. ಪ್ರತಿಯೊಬ್ಬರೂ ಇನ್ನೊಬ್ಬರದನ್ನು ತಿಂದು, ಪರವಾಗಿಲ್ಲ, ಆದರೆ ಇದಕ್ಕೆ ಹೊಸ ವರ್ಷದ ಅಡಿಗೆ ಅನ್ನಲಾಗದು ಎನ್ನುತ್ತಿದ್ದರು. ಹಾಗೆಂದು ತಟ್ಟೆಯಲ್ಲಿ ಏನನ್ನೂ ಉಳಿಸುತ್ತಿರಲಿಲ್ಲ.

ಚುಂಗ್‌ಗೆ ಇದ್ದ ಕೊರಗು ಬೇರೆಯದು. ಅವನ ಹೆಂಡತಿ ತೀರಿಕೊಂಡಿದ್ದಳು. ಬೆಟ್ಟದ ಮಾತು ಬಲ್ಲವಳು ಆ ಪಟ್ಟಣದಲ್ಲಿ ಅವಳೊಬ್ಬಳೇ ಇದ್ದದ್ದು. ಅವಳು ಹೋದ ಮೇಲೆ ಆ ಮಾತು ಅವನ ಬಾಯಲ್ಲೇ ಕೂತು ಜಡ್ಡುಗಟ್ಟತೊಡಗಿತು. ಅಟ್ಟೆಗೆ ಮೊಳೆ ಹೊಡೆಯುವಾಗ ಅಟ್ಟೆಯ ಜೊತೆಗೇ ಒಂದೆರಡು ಮಾತು ಆಡಿಕೊಳ್ಳುತ್ತಿದ್ದ. ಮನೆಯಲ್ಲಿ ಉಳಿದವಳು ಮೊಮ್ಮಗಳು ಲಾನ್‌ಫಾ, ಬೀದಿಯವರಿಗೆ ಲಾನಿ. ತಾಯಿ ಪಟ್ಟಣದವಳು, ತಂದೆ, ಅಂದರೆ ಚುಂಗ್‌ನ ಮಗ, ಹಡಗಿನವನು. ಮಗು ಬೆಳೆದದ್ದೆಲ್ಲ ಪಟ್ಟಣದ ಮಾತಿನಲ್ಲಿ. ಸಂಜೆ ಅವಳು ಮನೆಗೆ ಬಂದಾಗ ಚುಂಗ್ ತನ್ನ ಬೆಟ್ಟದ ಮಾತಿನಲ್ಲಿ, ಊಟ ಆಯ್ತಾ ಎಂದು ಕೇಳುತ್ತಿದ್ದ. ಅವನ ಸೀಮೆಯಲ್ಲಿ ಎದುರು ಸಿಕ್ಕವರನ್ನು ಮೊದಲು ಕೇಳುವುದೇ ಅದು. ಹುಡುಗಿ ನಗುತ್ತಿದ್ದಳು.

"ತಾತ, ಕಪ್ಪೆ ಥರ ಮಾತಾಡಬೇಡ. ಹಸಿವಾಗಿದೆ, ಏನು ಮಾಡಿದ್ದೀಯ?"

ಆ ಕಾಲದಲ್ಲೇ ಪಟ್ಟಣದ ಆಟದ ಮನೆಯವರು ಗಾಜಿನ ಆಟ ತಂದರು. ಅಂಗೈಯಗಲದ ಗಾಜಿನ ಹಲಗೆ. ಬೆರಳಿಟ್ಟರೆ ಒಳಗೆ ಹಳೆಯ ಕಾಲದ ರಾಜ್ಯಗಳು ಎದ್ದು ಕೂರುತ್ತವೆ. ಕೋಟೆ ಕಟ್ಟಬಹುದು, ಕಣಜ ತುಂಬಬಹುದು, ದಂಡು ಕಳಿಸಬಹುದು. ದೇಶಕ್ಕೊಂದು ಪೀಠ, ಪೀಠಕ್ಕೊಬ್ಬ ಸೇನಾಪತಿ. ಅವನನ್ನು ಮುಟ್ಟಿದರೆ ತನ್ನ ದೇಶದ ಮಾತಿನಲ್ಲಿ ಒಂದು ಮಾತು ಗರ್ಜಿಸುತ್ತಾನೆ, ಅದರ ಅರ್ಥ ಪಟ್ಟಣದ ಅಕ್ಷರದಲ್ಲಿ ಕೆಳಗೆ ಮೂಡುತ್ತದೆ. ಮಕ್ಕಳು ಅನ್ನ ಬಿಟ್ಟರೂ ಅದನ್ನು ಬಿಡದಾದರು. ದೊಡ್ಡವರು ಮಕ್ಕಳನ್ನು ಗದರಿಸಿ, ಹಲಗೆ ಕಿತ್ತುಕೊಂಡು, ತಾವು ಆಡುತ್ತಿದ್ದರು.

ಆ ಆಟದಲ್ಲಿ ಚೀನಕ್ಕೂ ಒಂದು ಪೀಠವಿತ್ತು. ಅದರ ಸೇನಾಪತಿಗೆ ಎದೆಯವರೆಗೆ ಇಳಿದ ಮೀಸೆ, ಹಳದಿ ರೇಷ್ಮೆ, ಹಿಂದೆ ಒಂದು ಉದ್ದ ಗೋಡೆ, ಗೋಡೆಯ ಮೇಲೆ ಬೆಂಕಿಯುಗುಳುವ ಹಾವಿನಂಥ ಪ್ರಾಣಿ. ಜಗಲಿಯ ಮೂವರೂ ಲಾನಿಯ ಹಲಗೆಯ ಮೇಲೆ ಬಗ್ಗಿ ನೋಡಿದರು. ಮೂವರಿಗೂ ಅವನ ಗುರುತು ಹತ್ತಲಿಲ್ಲ. ತಾನ್‌ಗೆ ಮಾತ್ರ ಅವನ ಮಾತು ಅರ್ಧ ತಿಳಿಯಿತು. ನಮ್ಮ ಕಡೆ ಸುಂಕದವರು ಹೀಗೇ ಮಾತಾಡುತ್ತಿದ್ದರು, ಕೇಳಿದರೆ ಈಗಲೂ ಕೈ ಜೇಬಿಗೆ ಹೋಗುತ್ತದೆ ಎಂದ ಅವನು. ಕ್ವಾಂಗ್, ಆ ಗೋಡೆ ಕಟ್ಟಿದವನು ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು ಹಿಡಿದೇ ಇಲ್ಲ ಎಂದ. ಚುಂಗ್ ನೋಡುತ್ತಿದ್ದದ್ದು ಹಲಗೆಯನ್ನಲ್ಲ, ಮೊಮ್ಮಗಳನ್ನು. ಆ ಸೇನಾಪತಿಯ ಮಾತನ್ನು ಅವಳು ಮೂರು ಸಲ ಕೇಳಿ ನಾಲ್ಕನೆಯ ಸಲ ತಾನೇ ಹೇಳಿಬಿಟ್ಟಿದ್ದಳು, ಒಂದು ಏರಿಳಿತವೂ ತಪ್ಪದ ಹಾಗೆ.

ತಾನು ವರ್ಷಗಟ್ಟಲೆ ಹೇಳಿದರೂ ಹತ್ತದ್ದು ಗಾಜಿನೊಳಗಿಂದ ಬಂದರೆ ಹತ್ತುತ್ತದೆ ಎಂದು ಚುಂಗ್‌ಗೆ ಆಗ ಹೊಳೆಯಿತು.

ಬಡಗಿಯನ್ನೂ ಹಲ್ಲಿನವನನ್ನೂ ಆಟದ ಮನೆಗೆ ಹೊರಡಿಸಿದವನು ಅವನೇ. ಅಲ್ಲಿಯ ಪಾರುಪತ್ತೇಗಾರ ಸಂಪಂಗಿರಾಮ ಒಳ್ಳೆಯ ಮನುಷ್ಯ, ಕುರ್ಚಿ ಹಾಕಿಸಿ ಕೂರಿಸಿದ. ನಿಮ್ಮ ಚೀನದವನು ನಮ್ಮಲ್ಲಿ ಯಾರೂ ಅಲ್ಲ, ಬೆಟ್ಟದವರಿದ್ದಾರೆ, ನದಿಯವರಿದ್ದಾರೆ, ಕಡಲಿನವರಿದ್ದಾರೆ, ಕುದುರೆಯ ಬೆನ್ನ ಮೇಲೆ ಹುಟ್ಟಿದವರು ಇನ್ನೂ ಆಚೆಗಿದ್ದಾರೆ ಎಂದು ಚುಂಗ್ ವಿವರಿಸಿದ. ಸಂಪಂಗಿರಾಮ ನಿಜವಾಗಿಯೂ ನೊಂದುಕೊಂಡ. ತಪ್ಪಾಯಿತು, ನಾವು ಯಾರನ್ನೂ ಒಂದೇ ಮೂಟೆಗೆ ಕಟ್ಟುವವರಲ್ಲ, ನಿಮಗೆ ಬೇರೆ ಬೇರೆ ಪೀಠ ಕೊಡುತ್ತೇವೆ ಎಂದ. ಮೂವರೂ ಎದ್ದು ನಿಂತು ಕೈ ಮುಗಿದರು. ಚುಂಗ್‌ಗೆ ಮಾತ್ರ ಒಂದು ಸಂಶಯ ಉಳಿದಿತ್ತು.

"ಸ್ವಾಮಿ, ಬೇರೆ ಬೇರೆ ಕೂತು ಒಟ್ಟಿಗೆ ಉಣ್ಣಬಹುದಾ, ನಿಮ್ಮ ಆಟದಲ್ಲಿ?"

ಸಂಪಂಗಿರಾಮ ಮುಗುಳ್ನಕ್ಕ. "ಅದಕ್ಕೆ ಆಟ ಅನ್ನಲ್ಲ ತಾತ. ಪೀಠ ಒಂದಾದರೆ ದೇಶ ಒಂದು. ಪೀಠ ಎರಡಾದರೆ ನಡುವೆ ಗಡಿ ಬರುತ್ತೆ. ಗಡಿ ಬಂದಮೇಲೆ ಯಾರಾದರೊಬ್ಬರು ದಾಟಬೇಕು, ಇಲ್ಲದಿದ್ದರೆ ಹುಡುಗರಿಗೆ ನಿದ್ದೆ ಬರುತ್ತೆ."

ಬೆಟ್ಟದ ಪೀಠಕ್ಕೆ ದನಿ ಕೊಡಲು ಚುಂಗ್‌ನನ್ನೇ ಕರೆದರು. ಬೇರೆ ಯಾರಿದ್ದರು? ದಪ್ಪ ಗೋಡೆಯ ಒಂದು ಕೋಣೆಯಲ್ಲಿ ನಿಲ್ಲಿಸಿ, ನಿಮ್ಮ ಮಾತಿನಲ್ಲಿ ಏನಾದರೂ ಹೇಳಿ ಎಂದರು. ಅವನು ತಲೆ ಬಾಚಿಕೊಂಡು, ಹೊಲಿದಿಟ್ಟ ಹೊಸ ಬೂಟು ಹಾಕಿಕೊಂಡು ಹೋಗಿದ್ದ. ಗಂಟಲು ಸರಿಮಾಡಿಕೊಂಡು, ಊಟ ಆಯ್ತಾ ಎಂದ. ಅರ್ಥ ಕೇಳಿ ಸಂಪಂಗಿರಾಮನಿಗೆ ನಗು ತಡೆಯಲಾಗಲಿಲ್ಲ. ಊಟ ಆಯ್ತಾ ಅಂತ ಕೇಳುವ ಸೇನಾಪತಿಯನ್ನು ಯಾರು ನಂಬಿ ದಂಡು ಕೊಡುತ್ತಾರೆ ಎಂದ. ಸೇನಾಪತಿ ಹೇಳಬೇಕಾದದ್ದನ್ನು ಅವನೇ ಹೇಳಿಕೊಟ್ಟ: ಗಡಿ ದಾಟಿದರೆ ನಿನ್ನ ಮನೆ ಸುಡುತ್ತೇನೆ.

ಚುಂಗ್ ಸ್ವಲ್ಪ ಹೊತ್ತು ಹುಡುಕಬೇಕಾಯಿತು. ಆ ಪದಗಳು ಅವನ ಮಾತಿನಲ್ಲಿ ಇರಲಿಲ್ಲವೆಂದಲ್ಲ. ಅವನ ಹೆಂಡತಿ ಅವನ್ನು ಆಡಿದವಳಲ್ಲ, ತಾಯಿಯೂ ಆಡಿದವಳಲ್ಲ. ಅಜ್ಜ ಒಂದು ಕಾಲದಲ್ಲಿ ಆಡಿದ್ದ, ಆದ್ದರಿಂದಲೇ ಅವರು ಬೆಟ್ಟ ಬಿಟ್ಟು ಹಡಗು ಹತ್ತಬೇಕಾಯಿತು. ಮೊದಲ ಸಲ ಹೇಳಿದಾಗ ಪಿಸುಮಾತಿನಂತಿತ್ತು. ಇನ್ನೂ ಜೋರಾಗಿ ಎಂದರು. ಕೊನೆಗೆ ಗೋಡೆ ನಡುಗುವ ಹಾಗೆ ಹೇಳಿದಾಗ ಎಲ್ಲರೂ ಭಲೆ ಎಂದರು. ಏನಾದರಾಗಲಿ, ಮಗು ಕೇಳುತ್ತದಲ್ಲ ಎಂದುಕೊಳ್ಳುತ್ತ ಅವನು ಮನೆಗೆ ನಡೆದ. ಎರಡು ದಿನ ಗಂಟಲು ನೋವಿತ್ತು.

ಮೂರು ಪೀಠದ ಹೊಸ ಆಟ ಬಂದಾಗ ಪಟ್ಟಣವೆಲ್ಲ ಹೊಗಳಿತು. ಇಷ್ಟು ನ್ಯಾಯವಾಗಿ ಯಾರು ಮಾಡುತ್ತಾರೆ ಎಂದರು. ಹಾದಿಯಲ್ಲಿ ಸಿಕ್ಕವರು ಚುಂಗ್‌ನನ್ನು ನಿಲ್ಲಿಸಿ, ನೀವು ಬೆಟ್ಟದವರಂತೆ, ಗೊತ್ತೇ ಇರಲಿಲ್ಲ ನೋಡಿ ಎಂದು ವಿಚಾರಿಸಿದರು. ಲಾನಿ ಬೆಟ್ಟದ ಪೀಠ ಹಿಡಿದಳು. ತಾನ್‌ನ ಮೊಮ್ಮಗ ನದಿಯದನ್ನು, ಕ್ವಾಂಗ್‌ನ ಅವಳಿ ಮಕ್ಕಳು ಕಡಲಿನದನ್ನು ಹಿಡಿದರು. ಮೊದಲು ಒಂದೇ ಚಾಪೆಯ ಮೇಲೆ ಕೂತು ಆಡುತ್ತಿದ್ದರು. ಆಮೇಲೆ ಒಬ್ಬರ ಹಲಗೆ ಇನ್ನೊಬ್ಬರಿಗೆ ಕಾಣಬಾರದೆಂದು ಮೂರು ಚಾಪೆಗಳಾದವು. ಆಮೇಲೆ ಜಗಲಿಯ ಮೇಲೆ ಸೀಮೆಸುಣ್ಣದ ಗೆರೆಗಳು ಬಂದವು. ಕ್ವಾಂಗ್ ಅದನ್ನು ನೋಡಿ, ಈ ಗೆರೆಯಾದರೂ ನೆಟ್ಟಗಿದೆ ಎಂದು ನಕ್ಕ. ಆ ವರ್ಷ ಹಬ್ಬಕ್ಕೆ ಮಾತ್ರ ಅವನ ಮನೆಯ ತಟ್ಟೆ ಬರಲಿಲ್ಲ. ಅವಳಿಗಳು, ನಮ್ಮ ಬಂದರು ಸುಟ್ಟವರಿಗೆ ಬೆಲ್ಲದ ಕಡುಬು ಯಾಕೆ ಎಂದು ತಾಯಿಯ ಸೆರಗು ಹಿಡಿದು ಅತ್ತಿದ್ದರು.

ಆ ಹೊಸ ವರ್ಷದ ಬೆಳಿಗ್ಗೆ ಚುಂಗ್ ಒಳಗೆ ತೋಫುವಿಗೆ ಹೂರಣ ತುಂಬುತ್ತಿದ್ದ. ತಾನ್ ಎಂದಿನಂತೆ ಗೋಧಿ ಕಡುಬಿನ ತಟ್ಟೆ ಹಿಡಿದು ಗೆರೆ ದಾಟಿ ಬಂದ. ಲಾನಿ ಹೊಸ್ತಿಲಲ್ಲಿ ನಿಂತಿದ್ದಳು. ಹಿಂದಿನ ದಿನವಷ್ಟೇ ನದಿಯವರು ಅವಳ ಕಣಜಕ್ಕೆ ಬೆಂಕಿ ಇಟ್ಟಿದ್ದರು. ಅವಳು ಬೆನ್ನು ನೆಟ್ಟಗೆ ಮಾಡಿ ಒಂದು ಮಾತು ಹೇಳಿದಳು.

ಬೆಟ್ಟದ ಮಾತು. ಚುಂಗ್‌ನ ಕೈ ನಿಂತಿತು. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಇನ್ನೊಂದು ಬಾಯಿ ಆ ಮಾತು ಆಡಿರಲಿಲ್ಲ. ಏರಬೇಕಾದಲ್ಲಿ ಏರಿತ್ತು, ಇಳಿಯಬೇಕಾದಲ್ಲಿ ಇಳಿದಿತ್ತು. ಅವಳಜ್ಜಿಯೇ ಬಾಗಿಲಲ್ಲಿ ನಿಂತಂತಿತ್ತು. ಅವನ ಕಣ್ಣು ಮಂಜಾಯಿತು. ಆ ಸಂತೋಷದ ಹಿಂದೆಯೇ ಅರ್ಥವೂ ಬಂದು ತಲುಪಿತು. ಅವನು ಕೈ ಒರೆಸಿಕೊಳ್ಳದೆ ಬಾಗಿಲಿಗೆ ಬಂದ.

ತಾನ್‌ನ ಮುಖವೆಲ್ಲ ನಗು. "ಅಂತೂ ಕಲಿತೇಬಿಟ್ಟಳಲ್ಲಪ್ಪ ನಿನ್ನ ಭಾಷೆ! ಏನಂತಾಳೆ?"

ಚುಂಗ್ ಮೊಮ್ಮಗಳನ್ನು ನೋಡಿದ. ಆಮೇಲೆ ತಟ್ಟೆಯನ್ನು ನೋಡಿದ. ಕಡುಬಿನಿಂದ ಇನ್ನೂ ಹಬೆಯಾಡುತ್ತಿತ್ತು.

"ಊಟ ಆಯ್ತಾ ಅಂತ ಕೇಳ್ತಾ ಇದಾಳೆ," ಎಂದ.

ಹುಡುಗಿ ತಲೆಯೆತ್ತಿ ತಾತನ ಮುಖ ನೋಡಿದಳು. ಆ ಮಾತಿನ ಅರ್ಥವನ್ನು ಅವಳು ದಿನಕ್ಕೆ ಹತ್ತು ಸಲ ಗಾಜಿನ ಕೆಳಗೆ ಓದಿದ್ದಳು. ಆದರೆ ಬಾಯಿ ಬಿಡಲಿಲ್ಲ. ಆ ಪಟ್ಟಣದಲ್ಲಿ ಆ ಮಾತು ಬಲ್ಲವರು ಈಗ ಇಬ್ಬರಾಗಿದ್ದರು.

ತಾನ್‌ಗೆ ತುಂಬ ಇಷ್ಟವಾಯಿತು. ಇಷ್ಟು ವರ್ಷ ಒಂದೇ ಜಗಲಿಯಲ್ಲಿದ್ದೂ ನಿಮ್ಮ ಒಂದು ಪದ ಕಲಿಯಲಿಲ್ಲವಲ್ಲ ನಾನು ಎಂದು ತನ್ನನ್ನೇ ಬೈದುಕೊಂಡ. ತಟ್ಟೆಯನ್ನು ಅವಳ ಕೈಗಿಟ್ಟು, ಇನ್ನೊಂದು ಸಲ ಹೇಳಮ್ಮ ಎಂದು ಕೇಳಿಸಿಕೊಂಡು, ನಾಲಿಗೆ ಹೊರಳಿಸಿ ಹೊರಳಿಸಿ ಅಲ್ಲೇ ಕಲಿತುಕೊಂಡ.

ಅಂದಿನಿಂದ ದಿನಾ ಬೆಳಿಗ್ಗೆ ಹಲ್ಲಿನ ಅಂಗಡಿಯ ಬಾಗಿಲು ತೆಗೆಯುತ್ತಲೇ ಅವನು ಜಗಲಿಯ ಈಚೆಗೆ ತಿರುಗಿ, ನಗುತ್ತ, ಪ್ರೀತಿಯಿಂದ, ಗಡಿ ದಾಟಿದರೆ ನಿನ್ನ ಮನೆ ಸುಡುತ್ತೇನೆ ಎನ್ನುತ್ತಾನೆ.

ಚುಂಗ್ ಮೊಳೆಗಳನ್ನು ತುಟಿಯಿಂದ ತೆಗೆದು, "ಆಯ್ತಪ್ಪ, ನಿನ್ನದು?" ಎನ್ನುತ್ತಾನೆ.